ದೊಡ್ಡಪತ್ರೆ ಗಿಡಕ್ಕೆ ಹೇಳಿದ ಸುಳ್ಳು

ಅಥವಾ ನಾನು ಆಗ ನಿಜವಾಗಿಯೂ ಕೆಮ್ಮಿದ್ದೆನೋ ಏನೋ. ಈ ಸಂಗತಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿಹಾಕಿದ್ದೇನೆಂದರೆ, ಈಗ ನೆನಪಿನೊಳಗೆ ಒಂದು ಸಣ್ಣ ಕೆಮ್ಮು ಕೇಳಿಸತೊಡಗಿದೆ. ಅದು ಅಂದಿನದೋ, ಮಾನ ಉಳಿಸಿಕೊಳ್ಳಲು ನಾನೇ ಆಮೇಲೆ ಸೇರಿಸಿಕೊಂಡದ್ದೋ ಗೊತ್ತಾಗುತ್ತಿಲ್ಲ. ನಾನು ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುವವನು. ಅರ್ಧ ಮಿಲಿಮೀಟರ್ ತಪ್ಪಿದರೂ ಹುಡುಗರ ಹಾಳೆಯ ಮೇಲೆ ಕೆಂಪು ಗೀಟು ಎಳೆಯುತ್ತೇನೆ. ನನ್ನ ನೆನಪನ್ನೇ ಯಾರಾದರೂ ಹಾಳೆಯ ಮೇಲೆ ಬರೆದುಕೊಟ್ಟರೆ ಸೊನ್ನೆ ಹಾಕಿ ವಾಪಸ್ ಕಳಿಸಬೇಕಾದೀತು.

ಕೆಮ್ಮಿನ ವಿಷಯ ಬಿಟ್ಟರೆ ಉಳಿದ ಅಪರಾಧ ಸರಳವಾದದ್ದು. ಬೇಸಿಗೆಯಲ್ಲಿ ನನಗೆ ಮನೆಯಲ್ಲೇ ಗಿಡಮೂಲಿಕೆಯ ಜಿನ್ ಕಾಕ್‌ಟೇಲ್ ಮಾಡುವ ಹುಚ್ಚು ಹಿಡಿಯಿತು. ಕುಡುಕನೆಂದುಕೊಳ್ಳಬೇಡಿ; ಹಾಗೆ ಅನ್ನಿಸಿಕೊಳ್ಳುವಷ್ಟು ಧೈರ್ಯ ನನಗಿಲ್ಲ. ಫೋನಿನಲ್ಲಿ ಒಬ್ಬ ಗಡ್ಡದ ಯುವಕ ಎಲೆಗಳನ್ನು ಜಜ್ಜಿ, ನಿಂಬೆ ಹಿಂಡಿ, ಐಸಿನ ಮೇಲೆ ಜಿನ್ ಸುರಿದು, ಕಣ್ಣು ಮುಚ್ಚಿ ಹೀರುತ್ತಿದ್ದ. ಅವನ ಮುಖದಲ್ಲಿದ್ದ ನೆಮ್ಮದಿ ನನಗೂ ಬೇಕೆನ್ನಿಸಿತು. ಹೆಂಡತಿ ಸುಮಾ ಒಂದೇ ಷರತ್ತು ಹಾಕಿದಳು: "ಬಾಟ್ಲಿ ನನ್ ಕಣ್ಣಿಗೂ ಬೀಳ್ಬಾರ್ದು, ಪಕ್ಕದ್ ಗೌರಮ್ಮನವ್ರ ಕಣ್ಣಿಗೂ ಬೀಳ್ಬಾರ್ದು." ಬಾಟಲಿಯನ್ನು ಕೆಟ್ಟು ಕೂತಿದ್ದ ಗ್ರೈಂಡರಿನೊಳಗೆ ಇಳಿಸಿದೆ. ಶೇಕರ್ ಬದಲು ಬಿಗಿ ಮುಚ್ಚಳದ ಟಿಫಿನ್ ಡಬ್ಬಿ, ಜಜ್ಜಲು ಶುಂಠಿ ಕುಟ್ಟುವ ಕುಟ್ಟಾಣಿ, ಕುಡಿಯಲು ಸ್ಟೀಲ್ ಲೋಟ. ಗಾಜಿನ ಲೋಟದಲ್ಲಿ ಸುಳ್ಳು ಹೇಳುವುದು ಕಷ್ಟ.

ಎಲ್ಲ ಇತ್ತು, ಗಡ್ಡದವನು ಹೇಳಿದ ವಿದೇಶಿ ಎಲೆ ಮಾತ್ರ ಇರಲಿಲ್ಲ. ದೇವರಾಜ ಮಾರುಕಟ್ಟೆಯ ಸೊಪ್ಪಿನವಳನ್ನು ಕೇಳಿದರೆ, "ಅದ್ಯಾವ್ದು ಸಾ, ಬಸ್ಸಾರ್ಗಾ?" ಎಂದಳು. ಹೌದೆಂದು ಹೇಳಿ, ಬೇಡದ ದಂಟಿನ ಸೊಪ್ಪು ಎರಡು ಕಟ್ಟು ಕೊಂಡು ಬಂದೆ. ಆಗ ಕಣ್ಣಿಗೆ ಬಿದ್ದದ್ದು ನಮ್ಮ ಕಾಂಪೌಂಡಿಗೆ ಒರಗಿಕೊಂಡಿದ್ದ ಗೌರಮ್ಮನವರ ದೊಡ್ಡಪತ್ರೆ.

ದಟ್ಟಗಳ್ಳಿಯ ನಮ್ಮ ರಸ್ತೆಯಲ್ಲಿ ಗೌರಮ್ಮನವರನ್ನು ಅರಿಯದವರಿಲ್ಲ. ಎಪ್ಪತ್ತು ದಾಟಿದ್ದಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಬೆಳಿಗ್ಗೆ ಲಿಂಗಪೂಜೆಯಾಗದೆ ಒಂದು ಗುಟುಕು ಕಾಫಿಯನ್ನೂ ಬಾಯಿಗೆ ಬಿಟ್ಟವರಲ್ಲ. ನಾನು ಗಿಡದ ಮೇಲೆ ಕೈ ಹಾಕುವುದಕ್ಕೂ ಅವರು ಹಿತ್ತಲಿಗೆ ಬರುವುದಕ್ಕೂ ಸರಿಹೋಯಿತು.

"ಏನ್ ಮೇಷ್ಟ್ರೇ, ಕೆಮ್ಮಾ?"

"ಹ್ಞೂಂ, ಸ್ವಲ್ಪ."

ಇಷ್ಟೇ. ಸುಳ್ಳಿನ ಅರ್ಧ ಭಾಗವನ್ನು ಅವರೇ ಒದಗಿಸಿದರು ಎಂದು ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ.

"ಕಿತ್ಕಳಿ, ಕಿತ್ಕಳಿ. ಸುಮ್ನೆ ಕೀಳ್ಬ್ಯಾಡಿ ಮತ್ತೆ. ಔಷ್ದಿಗೆ ಕಣಪ್ಪ ಅಂತ ಗಿಡುಕ್ ಒಂದ್ ಮಾತ್ ಹೇಳ್ಬುಟ್ಟು ಕಿತ್ಕಳಿ. ಹೇಳ್ದಲೆ ಕಿತ್ರೆ ಗುಣ ಆಗಾಕಿಲ್ಲ."

ಅವರು ಅಲ್ಲೇ ನಿಂತಿದ್ದರು. ನಲವತ್ತೊಂಬತ್ತು ವರ್ಷದ, ಡಿಪ್ಲೊಮಾ ಎಂಜಿನಿಯರುಗಳನ್ನು ತಯಾರು ಮಾಡುವ ನಾನು, ಗಿಡಕ್ಕೆ ಕೈ ಮುಗಿದು "ಔಷಧಿಗೆ" ಎಂದೆ. ಮನುಷ್ಯರಿಗೆ ಸುಳ್ಳು ಹೇಳಿ ಅಭ್ಯಾಸವಿದೆ, ಹಲ್ಲು ಕಿರಿದರೆ ಮುಗಿಯಿತು. ಗಿಡಕ್ಕೆ ಹಲ್ಲು ಕಿರಿಯುವುದು ಹೇಗೆ?

ಆಮೇಲೆ ನಾನು ಕೇಳಬೇಕಾಗಲೇ ಇಲ್ಲ. ಎರಡು ದಿನಕ್ಕೊಮ್ಮೆ ಕಾಂಪೌಂಡಿನ ಮೇಲಿಂದ ಎಲೆ ತುಂಬಿದ ಡಬ್ಬಿ ಬರುತ್ತಿತ್ತು. "ಇನ್ನೂ ವಾಸಿ ಆಗ್ಲಿಲ್ವಾ ಮೇಷ್ಟ್ರೇ? ಹಳೇ ಕೆಮ್ಮಿರ್ಬೇಕು ಕಣ್ರೀ." ಹಳೆಯದೇ. ಪ್ರತಿ ಭಾನುವಾರ ಮಧ್ಯಾಹ್ನ ಐಸ್ ಹಾಕಿ ವಾಸಿ ಮಾಡಿಕೊಳ್ಳುತ್ತಿದ್ದೆ. ದೊಡ್ಡಪತ್ರೆ ಜಿನ್‌ಗೆ ಎಷ್ಟು ಒಗ್ಗುತ್ತದೆಂದು ಇಲ್ಲಿ ಹೇಳಬಾರದು. ಹೇಳಿದರೆ ನಾಚಿಕೆಯಾಗಿದೆ ಎಂಬ ನನ್ನ ಮಾತನ್ನು ನೀವು ನಂಬುವುದಿಲ್ಲ.

ಅಂಥದ್ದೊಂದು ಭಾನುವಾರ. ಸುಮಾ ಹಿನಕಲ್‌ನ ಅಕ್ಕನ ಮನೆಗೆ ಹೋಗಿದ್ದಳು. ಲೋಟ ತುಂಬಿ, ಹೊರಗೆ ಬೆವರು ಹನಿಯುತ್ತಿದ್ದ ಅದನ್ನು ನಡುಮನೆಯ ಟೀಪಾಯಿ ಮೇಲಿಟ್ಟು, ಇನ್ನೇನು ಕಣ್ಣು ಮುಚ್ಚಬೇಕು, ಗೌರಮ್ಮ ಬಾಗಿಲಲ್ಲಿ. "ಮೊನ್ನೆ ಡಬ್ಬಿ ಕೊಡ್ಲಿಲ್ಲ ನೀವು. ಅಬ್ಬಾ, ಏನ್ ಬಿಸ್ಲು ಮೇಷ್ಟ್ರೇ!" ಎನ್ನುತ್ತ ಸೋಫಾದ ಮೇಲೆ ಕುಳಿತೇಬಿಟ್ಟರು. ಡಬ್ಬಿ ತರಲು ಒಳಗೆ ಓಡಿದೆ.

ಬೇರೆಯವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಹಿಡಿ ಸಕ್ಕರೆಯಾದರೂ ಹಾಕಬೇಕು. ಆ ಗಂಡಾಂತರದ ಹೊತ್ತಿನಲ್ಲೂ ನನ್ನ ಸಂಸ್ಕಾರ ಎಚ್ಚರವಾಗಿತ್ತು ನೋಡಿ! ಸಕ್ಕರೆ ಎಲ್ಲಿದೆಯೋ ಗೊತ್ತಿಲ್ಲ. ಒಂದು ಡಬ್ಬಿ ತೆಗೆದರೆ ರವೆ, ಇನ್ನೊಂದು ತೆಗೆದರೆ ಉಪ್ಪು. ಉಪ್ಪನ್ನು ಹಾಗೆ ಕೊಡಬಾರದು ಎಂದು ಬೇರೆ ನೆನಪಾಯಿತು. ಕೊನೆಗೆ ಒಂದು ಅಚ್ಚು ಬೆಲ್ಲ ಸಿಕ್ಕಿತು. ಐದು ನಿಮಿಷವಾಗಿರಬಹುದು, ಹತ್ತೂ ಆಗಿರಬಹುದು.

ನಾನು ಹೊರಗೆ ಬಂದಾಗ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮುಖವೋ, ಬಾಯಿಯೋ? ಲೋಟ ತುಂಬಿತ್ತೋ, ಇಳಿದಿತ್ತೋ? ಹತ್ತು ಸಲ ನೆನೆದರೆ ಹತ್ತು ಬೇರೆ ಬೇರೆ ಮಟ್ಟ ಕಾಣುತ್ತದೆ.

"ಕಷಾಯವ ಇಷ್ಟ್ ತಣ್ಣಗ್ ಕುಡೀಬ್ಯಾಡಿ ಮೇಷ್ಟ್ರೇ, ಎದೆ ಕಟ್ಕತದೆ," ಎಂದರು. ಬೆಲ್ಲ ಕಂಡು ಸಂತೋಷಪಟ್ಟು ಹೊರಟುಹೋದರು. ಲೋಟ ಮುಟ್ಟಿ ನೋಡಿರಬೇಕು, ಅಷ್ಟೇ, ಎಂದುಕೊಂಡೆ. ಅಷ್ಟೇ ಎಂದುಕೊಂಡು ಉಳಿದದ್ದನ್ನು ಕುಡಿದೆ. ನೋಡಿ, "ಉಳಿದದ್ದನ್ನು" ಎಂದು ಬರೆದುಬಿಟ್ಟೆ.

ಎರಡು ವಾರದ ಮೇಲೆ ಅವರು ಮತ್ತೆ ಬಂದರು. ಸೋಮವಾರ ಸಂಜೆ ಅವರ ಮನೆಯಲ್ಲಿ ವಚನ ಹಾಡಲು ಹೆಂಗಸರು ಸೇರುತ್ತಾರೆ. ಎಲ್ಲರ ಗಂಟಲೂ ಕಟ್ಟಿದೆಯಂತೆ. "ನಿಮ್ ಕಷಾಯ ಎಂಗ್ ಮಾಡೋದು, ಒಸಿ ಬರ್ಕೊಡಿ." ಡ್ರಾಯಿಂಗ್ ಹಾಳೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಟ್ಟೆ: ದೊಡ್ಡಪತ್ರೆ, ನಿಂಬೆರಸ, ಜೇನುತುಪ್ಪ, ಚಿಟಿಕೆ ಉಪ್ಪು. ಒಂದು ಸಾಮಾನನ್ನು ಬಿಟ್ಟು ಎಲ್ಲವನ್ನೂ ಅಳತೆ ಸಮೇತ.

ಮಂಗಳವಾರ ಬೆಳಿಗ್ಗೆ ಕಾಂಪೌಂಡಿನ ಮೇಲೆ ಅವರ ಮುಖ ಕಾಣಿಸಿತು. "ನೀವ್ ಬರ್ದಂಗೇ ಮಾಡ್ದೋ ಮೇಷ್ಟ್ರೇ. ಆದ್ರೆ ನಿಮ್ಮನೇದು ಗಂಟ್ಲಲ್ಲಿ ಇಳೀವಾಗ ಸುರ್ ಅಂತ ಒಂದ್ ಕಾವ್ ಇತ್ತಲ್ಲ, ಅದು ಬರ್ನಿಲ್ಲ. ಏನೋ ಬರೆಯೋದ್ ಮರ್ತ್ಬುಟ್ಟಿದೀರ."

ನನ್ನ ಕೈಯಲ್ಲಿದ್ದ ಹಲ್ಲುಜ್ಜುವ ಬ್ರಷ್ ಹಾಗೇ ನಿಂತಿತು. ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಬಾಯಿ. ಬಿಸಿಲಲ್ಲಿ ಬಂದ ಮುದುಕಿಗೆ ಒಂದು ಲೋಟ ನೀರು ಕೊಡುವುದು ಬಿಟ್ಟು ನಾನು ಬೆಲ್ಲ ಹುಡುಕುತ್ತಿದ್ದೆ.

"ಮೆಣಸು," ಎಂದೆ. "ಕಾಳುಮೆಣಸು ಬರೆಯೋದು ಮರ್ತೆ ಅಮ್ಮ."

"ಮೆಣ್ಸಾ?" ಎಂದರು. ನನ್ನನ್ನೇ ಒಂದು ಕ್ಷಣ ನೋಡಿದರು. "ಇರ್ಬೌದು ಬುಡಿ."

ಸುಮಾಗೆ ಎಲ್ಲ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಹೋಗಿ ತಪ್ಪು ಒಪ್ಪಿಕೊಂಡುಬಿಡುತ್ತೇನೆ ಎಂದು ಶರ್ಟ್ ಹಾಕಿಕೊಂಡೆ. "ಒಪ್ಕೊಂಡ್ರೆ ನಿಮ್ಗೆ ಹಗುರ ಆಗತ್ತೆ ಕಣ್ರೀ, ಅವ್ರಿಗೆ? ನಾಳೆಯಿಂದ ಆಯಮ್ಮ ಯಾವ್ ಮನಸ್ಸಲ್ಲಿ ಪೂಜೆಗೆ ಕೂರ್ಬೇಕು?" ಎಂದಳು. ಶರ್ಟ್ ಬಿಚ್ಚಿದೆ. ಬಿಚ್ಚುವಾಗ ಎಷ್ಟು ನಿರಾಳವಾಯಿತೆಂಬುದೇ ನನ್ನ ನಾಚಿಕೆಯ ಬಹುಪಾಲು. ಹೇಡಿತನಕ್ಕೆ ಕರುಣೆಯ ಹೆಸರು ಇಷ್ಟು ಸಲೀಸಾಗಿ ಸಿಕ್ಕಿಬಿಟ್ಟರೆ ಯಾರು ತಾನೇ ಬೇಡವೆನ್ನುತ್ತಾರೆ?

ಗೌರಮ್ಮನವರು ಈಗಲೂ ಮಾತಾಡುತ್ತಾರೆ, ಎಲೆ ಕೊಡುತ್ತಾರೆ, "ಕೆಮ್ಮು ಎಂಗದೆ?" ಎಂದು ಕೇಳುತ್ತಾರೆ. ಕೇಳುವಾಗ ತುಟಿಯ ಮೂಲೆಯಲ್ಲಿ ಏನೋ ಕಂಡಂತಾಗುತ್ತದೆ, ನಗುವೋ, ಎಲೆಯಡಿಕೆಯೋ. ನನ್ನ ಕಣ್ಣನ್ನು ನಂಬಿ ಬರೆಯುವಂತಿಲ್ಲ. ಅವರು ಕುಡಿದದ್ದು ಒಂದು ಗುಟುಕೋ ಅರ್ಧ ಲೋಟವೋ, ಅದೇನೆಂದು ಅವರಿಗೆ ಆಗಲೇ ತಿಳಿಯಿತೋ, ಆಮೇಲೆ ತಿಳಿಯಿತೋ, ತಿಳಿದೇ ಇಲ್ಲವೋ. ತಿಳಿದಿದ್ದರೆ ಆ ಭಾರವನ್ನು ಹೊತ್ತು ಬೆಳಿಗ್ಗೆ ಪೂಜೆಗೆ ಕೂರುವವರು ಅವರೊಬ್ಬರೇ. ಕೇಳಿ ತಿಳಿದುಕೊಳ್ಳಬೇಕೆಂದರೆ ಮೊದಲು ನಾನು ಬಾಯಿ ಬಿಡಬೇಕು. ಬಿಟ್ಟಿಲ್ಲ. ಆದ್ದರಿಂದ ಗೊತ್ತಿಲ್ಲ.