ಮುಂದಿನ ಸೀಟಿನ ನಡುಕ

ಮೂವತ್ತೆಂಟು ವರ್ಷ ವಾಹನ ದುರಸ್ತಿಯ ಪಾಠ ಹೇಳಿ ನಿವೃತ್ತನಾದವನು ನಾನು. ಈಗ ಕೆಂಪಾಪುರದಲ್ಲಿ ನನ್ನದೇ ಒಂದು ಶೆಡ್ಡು ಇದೆ. ಒಂಬತ್ತಕ್ಕೆ ತೆರೆಯುತ್ತದೆ, ಐದಕ್ಕೆ ಮುಚ್ಚುತ್ತದೆ. ಒಳಗೆ ಒಂದೇ ನಿಯಮ: ಕಾರಣವಿಲ್ಲದೆ ಯಾವ ಎಂಜಿನ್ನೂ ನಡುಗುವುದಿಲ್ಲ. ಈ ನಿಯಮವನ್ನು ಸುಳ್ಳು ಮಾಡಲೆಂದೇ ಆಗಾಗ ಯಾರಾದರೂ ಮನೆಯಿಂದ ಹೊರಟು ಬರುತ್ತಾರೆ. ಕಳೆದ ಚಳಿಗಾಲದಲ್ಲಿ ರಾಜಾನುಕುಂಟೆಯಿಂದ ಬಂದವರು ಬಹುಮಟ್ಟಿಗೆ ಯಶಸ್ವಿಯಾದರು.

೧. ಲಕ್ಷಣ

ಹೊಲವನ್ನು ಬಡಾವಣೆ ಮಾಡಿ ಬಿಲ್ಡರ್ ಆಗಿದ್ದ, ಐವತ್ತರ ಆಸುಪಾಸಿನ ಒಬ್ಬರು ಬಿಳಿ ಕಾರು ತಂದು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅವರ ತಾಯಿ ಕುಳಿತಿದ್ದರು.

"ಏನು ತೊಂದರೆ?"

"ಓಡ್ವಾಗ ಏನೂ ಇಲ್ಲ ಸಾರ್. ನಿಂತ್ರೆ ನಡುಗುತ್ತೆ. ಭಾನುವಾರ ತಗೊಳ್ಳೋರು ಬರ್ತಾರೆ. ನಡುಕ ನಿಂತಿದ್ರೆ ತಗೊಂಡೋಗ್ತೀವಿ ಅಂದವ್ರೆ."

"ಮಾರಕ್ಕೆ ನಾನ್ ಬಿಡಲ್ಲ," ಎಂದರು ತಾಯಿ. "ಅವ್ರು ಒಳಗವ್ರೆ."

"ಯಾರು?"

"ನಮ್ಮೆಜಮಾನ್ರು. ತೀರ್ಕೊಂಡು ಆರು ತಿಂಗ್ಳಾಯ್ತು."

ನಾನು ಬಗ್ಗಿ ನೋಡಿದೆ. ಮುಂದಿನ ಎಡ ಸೀಟು ಖಾಲಿ ಇತ್ತು. ಅದರ ಬೆನ್ನಿಗೆ ಬಿಳಿ ಟವೆಲ್ ಹಾಸಿತ್ತು. ತಲೆ ಒರಗುತ್ತಿದ್ದ ಕಡೆ ಎಣ್ಣೆಯ ಕಲೆ ಇನ್ನೂ ಉಳಿದಿತ್ತು. ಆ ಖಾಲಿ ಸೀಟಿಗೆ ಬೆಲ್ಟ್ ಬಿಗಿಯಲಾಗಿತ್ತು.

"ಲಕ್ಷಣ ಮಾತ್ರ ಹೇಳಿ, ಅಭಿಪ್ರಾಯ ಬೇಡ," ಎಂದೆ. "ಖಾಲಿ ಸೀಟಿಗೆ ಬೆಲ್ಟ್ ಏಕೆ?"

ಮಗ ತಲೆ ತಗ್ಗಿಸಿದರು. ತಾಯಿ ನನ್ನನ್ನು ದಡ್ಡನಂತೆ ನೋಡಿದರು.

"ಎಬ್ಬಾಳ್ದಲ್ಲಿ ಪೊಲೀಸ್ನೋರು ಇಡ್ಕೊಂಡ್ರೆ ಫೈನ್ ಯಾರ್ ಕಟ್ತಾರೆ, ಮೇಷ್ಟ್ರೇ?"

೨. ಲೋಟ

ನನ್ನದೊಂದು ಪರೀಕ್ಷೆಯಿದೆ. ಓಡುತ್ತಿರುವ ಎಂಜಿನ್ನಿನ ಮೇಲೆ ಸ್ಟೀಲ್ ಲೋಟವನ್ನಿಟ್ಟು ಅಂಚಿನವರೆಗೆ ನೀರು ತುಂಬಿಸುತ್ತೇನೆ. ಮಾಲೀಕರು ಉತ್ಪ್ರೇಕ್ಷೆ ಮಾಡುತ್ತಾರೆ. ನೀರು ಮಾಡುವುದಿಲ್ಲ.

ಅಂದು ನೀರು ಥರಥರನೆ ನಡುಗಿ ಚೆಲ್ಲಿತು. ಸ್ಪಾರ್ಕ್ ಪ್ಲಗ್ಗುಗಳು ಸವೆದಿದ್ದವು. ಪ್ಲಗ್ಗಿಗೆ ವಿದ್ಯುತ್ ಕೊಡುವ ಒಂದು ಕಾಯಿಲ್ ಕೆಟ್ಟಿತ್ತು. ಅವನ್ನು ಬದಲಿಸಿದೆ. ಮತ್ತೆ ಲೋಟವಿಟ್ಟೆ. ನೀರು ಕನ್ನಡಿಯಂತೆ ನಿಂತಿತು.

"ನೋಡಿ, ತಾಯಿ. ಒಳಗೆ ಯಾರೂ ಇಲ್ಲ."

ಆಕೆ ಕೆಳಗಿಳಿದು ಬಂದು ಲೋಟದೊಳಗೆ ಬಹಳ ಹೊತ್ತು ಇಣುಕಿದರು.

"ಬೇರೆಯೋರ ಮುಂದೆ ಅವ್ರು ಯಾವಾಗ್ಲೂ ಇಂಗೇ. ಸುಮ್ನಿರ್ತಾರೆ."

೩. ಗೇಟು

ಮರುದಿನವೇ ಮಗನ ಫೋನು ಬಂದಿತು. ರೈಲ್ವೆ ಗೇಟಿನ ಬಳಿ, ಅಮ್ಮ ಬಾಯಿ ತೆರೆದ ಕೂಡಲೇ, ಕಾರು ಮತ್ತೆ ನಡುಗಿತ್ತು. ಬಾಯಿ ಮುಚ್ಚಿದಾಗ ನಿಂತಿತ್ತು.

"ಬದುಕಿದ್ದಾಗ ಅಪ್ಪ ಒಂದ್ ಮಾತಿಗೂ ಅಲ್ಲಾಡ್ದೋರಲ್ಲ ಸಾರ್. ಈಗ ಅಮ್ಮ ಬೈದ್ರೆ ನಡುಗ್ತಾರೆ. ಅದ್ಕೇ ಅಮ್ಮಂಗೆ ಈ ಕಾರ್ ಬೇಕು."

ಶನಿವಾರ ಬೆಳಿಗ್ಗೆ ನಾನೇ ಜೊತೆಗೆ ಹೊರಟೆ. ಎಂಜಿನ್ನಿನ ಶಬ್ದ ಕೇಳಬೇಕಾಗಿದ್ದುದರಿಂದ ಮುಂದಿನ ಎಡ ಸೀಟಿನಲ್ಲಿ ಕುಳಿತೆ. ಟವೆಲ್ ತೆಗೆಯಲು ಕೈ ಚಾಚಿದಾಗ ಹಿಂದಿನಿಂದ "ಅದಿರ್ಲಿ" ಎಂಬ ಆಜ್ಞೆ ಬಂದಿತು. ಒರಗಿ ಕುಳಿತೆ. ಕೈಯಲ್ಲಿ ತುಂಬಿದ ಲೋಟ.

ಯಲಹಂಕ ದಾಟಿದ ಮೇಲೆ ಮಂಜು ದಟ್ಟವಾಯಿತು. ಗೇಟು ಹಾಕಿತ್ತು, ಅಡ್ಡಗಂಬ ಕಾಣಿಸಲಿಲ್ಲ, ಗಂಟೆ ಮಾತ್ರ ಕೇಳಿಸುತ್ತಿತ್ತು. ಕಾರು ನಿಂತಿತು. ಲೋಟದ ನೀರೂ ನಿಂತಿತು.

ಆಗ, ನನ್ನ ತಲೆಯ ಹಿಂದೆ ಸರಿಯಾಗಿ ಒಂದು ಗೇಣು ದೂರದಿಂದ, ತಾಯಿ ಆರಂಭಿಸಿದರು.

"ಆ ಮೂಲೆ ಸೈಟ್ ನಿಮ್ ತಮ್ಮನ್ ಎಸ್ರಿಗೆ ಯಾಕ್ ಬರ್ದ್ರಿ? ಕೇಳ್ದಾಗೆಲ್ಲ ಬೀಡಿ ಅಚ್ಕೊಂಡು ಎದ್ದೋಗ್ತಿದ್ರಿ. ಈಗ ಎಲ್ಲಿಗ್ ಓಗ್ತೀರಾ?"

ಸೀಟಿನ ಅಡಿಯಿಂದ ಒಂದು ನಡುಕ ಎದ್ದಿತು. ಬೆನ್ನಿಗೆ ಬಂದಿತು, ದವಡೆಗೆ ಏರಿತು. ಲೋಟದ ನೀರು ತೊಡೆಯ ಮೇಲೆ ಚೆಲ್ಲಿತು. ಅದೇ ಕ್ಷಣದಲ್ಲಿ ಕೊರೆಯುವಂಥ ಉಸಿರೊಂದು ನನ್ನ ಮುಖವನ್ನು ಸವರಿತು.

"ಬಾಯ್ಬಿಡಿ! ಯಾಕ್ ಬರ್ದ್ರಿ?"

"ತಪ್ಪಾಯಿತು," ಎಂದುಬಿಟ್ಟೆ ನಾನು.

ಹಿಂದಿನಿಂದ ನಿಧಾನವಾದ, ತೃಪ್ತವಾದ ಸ್ವರ:

"ನೋಡ್ದೇನೋ ಮಗಾ. ಒಪ್ಕೊಂಡ್ರು."

೪. ಕಾರಣ

ಹಿಂತಿರುಗುವ ದಾರಿಯಲ್ಲಿ ನನ್ನ ಬುದ್ಧಿ ಸ್ವಸ್ಥಾನಕ್ಕೆ ಬಂದಿತು. ಕೊರೆಯುವ ಉಸಿರು ಬಂದದ್ದು ಎ.ಸಿ.ಯಿಂದ.

"ಇಂಥ ಚಳಿಯಲ್ಲಿ ಎ.ಸಿ. ಏಕೆ ಹಾಕಿದಿರಿ?"

"ಕಿಟಕಿ ತೆಗ್ದಿದ್ರೆ ಗೇಟಲ್ಲಿರೋ ಬೈಕ್ನೋರೆಲ್ಲ ಕೇಳಿಸ್ಕೊಳ್ತಾರೆ ಸಾರ್. ಅಮ್ಮ ಶುರು ಮಾಡಿದ್ ತಕ್ಷಣ ಗ್ಲಾಸ್ ಏರಿಸ್ತೀನಿ. ಗ್ಲಾಸ್ ಮಂಜಾಗುತ್ತೆ, ಎ.ಸಿ. ಹಾಕ್ತೀನಿ."

ಎ.ಸಿ. ಹಾಕಿದಾಗ ಎಂಜಿನ್ನಿಗೆ ಭಾರ ಹೆಚ್ಚುತ್ತದೆ. ಗಾಳಿ ಒಳಹೋಗುವ ದಾರಿಯಲ್ಲಿ ಮಸಿ ಕಟ್ಟಿತ್ತು; ಎಂಜಿನ್ ಅದುರುತ್ತಿತ್ತು. ಅದನ್ನು ಹೊತ್ತ ರಬ್ಬರ್ ಮೌಂಟ್ ಹರಿದಿತ್ತು; ಆ ಅದುರುವಿಕೆ ನೇರವಾಗಿ ಸೀಟಿಗೆ ಬರುತ್ತಿತ್ತು. ಎ.ಸಿ. ಹಾಕಿ ಪರೀಕ್ಷಿಸದೆ ಕಳುಹಿಸಿದ್ದು ನನ್ನ ತಪ್ಪು. ಶಿಷ್ಯರಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಒಂದು ವಾರ ಹೊರಗೆ ನಿಲ್ಲಿಸುತ್ತಿದ್ದೆ. ಮಸಿ ತೊಳೆದು ಹೊಸ ಮೌಂಟ್ ಕೂರಿಸಿದೆ. ತಾಯಿ ಹಿಂದೆ ಕುಳಿತು, ಎ.ಸಿ. ಹಾಕಿಸಿ, ಹತ್ತು ನಿಮಿಷ ಬೈದರು. ನೀರು ಅಲುಗಲಿಲ್ಲ.

ಆಕೆ ಟವೆಲ್ ಮಡಿಸಿ ಎತ್ತಿಕೊಂಡರು. ಭಾನುವಾರ ಕಾರು ಹೋಯಿತು. ನಿಯಮ ಗೆದ್ದಿತ್ತು. ಆದರೂ ಎರಡು ದಿನ ನನಗೆ ಊಟ ಸೇರಲಿಲ್ಲ.

ಮುಂದಿನ ವಾರ ಆಕೆ ಒಬ್ಬರೇ ಆಟೋದಲ್ಲಿ ಬಂದಿಳಿದರು. ಮುಖ ಕಳೆಕಳೆಯಾಗಿತ್ತು. ಕುಡಿಯಲು ನೀರು ತಂದೆ. ಅವರು ಲೋಟ ಮುಟ್ಟಲಿಲ್ಲ.

"ಮೇಷ್ಟ್ರೇ, ಟವೆಲ್ ತಗೊಂಡೋಗಿ ಫ್ರಿಜ್ ಮೇಲೆ ಆಸಿದ್ದೆ. ಅವತ್ತಿಂದ ಫ್ರಿಜ್ ನಡುಗ್ತೈತೆ. ನನ್ ಮಗ ನಿಮ್ಮನ್ನ ಕರೀತಾನೆ. ನೀವ್ ಬರಕೂಡ್ದು."

ಫ್ರಿಜ್ಜಿನ ಒಂದು ಕಾಲು ಗಿಡ್ಡವಾಗಿರುತ್ತದೆ. ಅದರ ಕೆಳಗೆ ಮಡಿಸಿದ ರಟ್ಟು ಇಟ್ಟರೆ ಮುಗಿಯಿತು. ಎರಡು ನಿಮಿಷದ ಕೆಲಸ. ಹಾಗೆಂದು ಹೇಳಲು ನಾನು ಬಾಯಿ ತೆರೆದೆ.

"ಏನು?" ಎಂದರು ಆಕೆ, ಗೇಟಿನ ಬಳಿ ಕೇಳಿದ್ದ ಅದೇ ಸ್ವರದಲ್ಲಿ.

ಶೆಡ್ಡಿನಲ್ಲಿ ಆಗ ಯಾವ ಎಂಜಿನ್ನೂ ಓಡುತ್ತಿರಲಿಲ್ಲ. ಆದರೂ ನನ್ನ ಕೈಯಲ್ಲಿದ್ದ ಲೋಟದ ನೀರು ಥರಥರನೆ ನಡುಗಿ ಚೆಲ್ಲಿತು.

"ಬರುವುದಿಲ್ಲ, ತಾಯಿ," ಎಂದೆ.