ಚಾನೆಲ್ಲಿಲ್ಲದ ಮೈಕು

ಮೈಕು ಹಿಡಿದು ಹಳ್ಳಿ ಸುತ್ತುವವನಿಗೆ ಪಾಡು ತಪ್ಪಿದ್ದಲ್ಲ. ನಾನು ಹಿರಿಯೂರಿನಲ್ಲಿ ಒಂದು ಸಣ್ಣ ಟಿವಿ ಚಾನೆಲ್ಲಿಗೆ ವರದಿಗಾರನಾಗಿದ್ದೆ. ಆ ಕೆಲಸದಲ್ಲಿ ನಾನು ಪಟ್ಟ ಪಾಡಿನ ಮುಕ್ಕಾಲು ಪಾಲು ಒಂದೇ ಕೇರಿಯದು.

೧. ರೇಷ್ಮೆ ಸೀರೆ

ಧರ್ಮಪುರದ ಕಡೆ ಒಂದು ಹಳ್ಳಿ. ಬೋರಿನ ಮೋಟಾರು ಸುಟ್ಟು ಕೇರಿಗೆ ನೀರಿಲ್ಲ. ನೀರು ಸರಬರಾಜಿನ ಇಂಜಿನಿಯರನ್ನು ಕೇಳಿದಾಗಲೆಲ್ಲ ಒಂದೇ ಉತ್ತರ: "ಮೇಲಕ್ಕೆ ಬರೆದಿದ್ದೀವಿ, ಬರುತ್ತೆ." ಖಾಲಿ ಕೊಡ ಹಿಡಿದು ನಲ್ಲಿ ಮುಂದೆ ನಿಂತಿರ್ರಿ, ಶೂಟಿಂಗ್ ಮಾಡಾಣ ಅಂತ ಹೆಂಗಸರಿಗೆ ಹಿಂದಿನ ದಿನವೇ ಹೇಳಿ ಕಳಿಸಿದ್ದೆ. ಹೋಗಿ ನೋಡಿದರೆ ಅಷ್ಟೂ ಜನ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಫಳಫಳ ಬೆಳಗಿದ ಕೊಡ ಹಿಡಿದು ನಿಂತಿದ್ದಾರೆ. ಮನೆಯಲ್ಲಿದ್ದ ಚೂರುಪಾರು ನೀರೂ ಕೊಡ ಬೆಳಗೋಕೇ ಮುಗಿದಿತ್ತಂತೆ. ದಿನ ಉಡೋ ಸೀರೆ ಉಟ್ಕಂಡು ಬರ್ರಿ ಅಂದೆ. ಮುಂದಿದ್ದ ಅಜ್ಜಿ ನನ್ನನ್ನೇ ಗದರಿತು.

"ನೀರಿಲ್ಲ ಅಂತ ಮಾನನೂ ಇಲ್ವೇನಪ್ಪ ನಮಗೆ? ಹೊಳಲ್ಕೆರೆ ಬೀಗರು ಟಿವಿ ನೋಡ್ತಾರೆ."

೨. ಕೆಂಪು ದೀಪ

ಅಲ್ಲಿವರೆಗೆ ಇಂಜಿನಿಯರಿಗೆ ಹಿಡಿಶಾಪ ಹಾಕ್ತಿದ್ದ ಅಜ್ಜಿ, ಕ್ಯಾಮೆರಾದ ಕೆಂಪು ದೀಪ ಹತ್ತಿದ್ದೇ ತಡ, ಕೈಮುಗಿದು ನಾವೆಲ್ಲ ಚೆನ್ನಾಗಿದೀವಿ, ಯಾವುದಕ್ಕೂ ಕಮ್ಮಿ ಇಲ್ಲ ಬೀಗ್ರೆ ಅಂತು. ಅಯ್ಯೋ, ನೀರಿನ ವಿಷಯ ಹೇಳಜ್ಜಿ ಅಂದೆ. ಅದನ್ನೆಲ್ಲ ಬೀಗರ ಮುಂದೆ ಹೇಳ್ತಾರಾ ಅಂತ ಮತ್ತೆ ನನಗೇ ಬೈತು.

೩. ಟ್ಯಾಂಕರ್

ಕ್ಯಾಮೆರಾ ಬಂದ ಸುದ್ದಿ ಇಂಜಿನಿಯರ್ ಕಿವಿಗೆ ಬಿದ್ದು, ನಾವು ಟೀ ಕುಡಿಯೋದರೊಳಗೆ ನೀರಿನ ಟ್ಯಾಂಕರ್ ಬಂತು. ಖುಷಿಯಿಂದ ಆಫೀಸಿಗೆ ಫೋನ್ ಮಾಡಿದರೆ, ಕೊಡ ತುಂಬಿದ ಮೇಲೆ ಅದೆಂಥಾ ಸುದ್ದಿ, ಖಾಲಿ ಆದ ಮೇಲೆ ಹೋಗು ಅಂದರು. ಖಾಲಿ ಆಯಿತು, ಹೋದೆ. ಕ್ಯಾಮೆರಾ ಕಂಡು ಮತ್ತೆ ಟ್ಯಾಂಕರ್ ಬಂತು. ಹೀಗೆ ಟಿವಿಯಿಂದ ಕೇರಿಗೆ ನೀರು ಬರ್ತಿತ್ತು, ಟಿವಿಯಲ್ಲಿ ಮಾತ್ರ ಏನೂ ಬರಲಿಲ್ಲ.

೪. ಮೈಕೊಂದೇ

ಆಮೇಲೆ ಚಾನೆಲ್ಲೇ ಮುಚ್ಚಿತು. ಯಾರಿಗೂ ಗೊತ್ತಾಗಲಿಲ್ಲ. ಕ್ಯಾಮೆರಾದವನು ಮದುವೆ ಶೂಟಿಂಗ್ ಹಿಡಿದು ಹೊಸದುರ್ಗ ಸೇರಿದ. ನನ್ನ ಹತ್ತಿರ ಉಳಿದದ್ದು ಮೈಕು. ನಾವು ಹೋಗದಿದ್ದಕ್ಕೆ ಟ್ಯಾಂಕರೂ ನಿಂತು, ಅಜ್ಜಿ ಫೋನ್ ಮಾಡಿತು. ಚಾನೆಲ್ಲೇ ಇಲ್ಲಜ್ಜಿ ಅಂದೆ.

"ಚಾನೆಲ್ ಯಾರಿಗೆ ಬೇಕಪ್ಪ? ಮೈಕ್ ಐತಲ್ಲ, ತಗಂಡು ಬಾ."

ಪಾಪ ಅನ್ನಿಸಿತು, ಹೋದೆ. ಈ ಸಲ ಇಂಜಿನಿಯರ್ ಸಾಹೇಬರೇ ಜೀಪು ಹತ್ತಿ ಬಂದರು. ಕ್ಯಾಮೆರಾ ಎಲ್ಲಿ ಅಂದರು. ಈಗೆಲ್ಲ ಮೊಬೈಲೇ ಸಾರ್ ಅಂದೆ. ತಲೆ ಬಾಚಿಕೊಂಡು, ಸಂಜೆಯೊಳಗೆ ಹೊಸ ಮೋಟಾರು ಕೂರಿಸ್ತೀವಿ ಅಂತ ಮೈಕಿಗೆ ಘೋಷಿಸಿದರು. ಮೈಕಿನ ವೈರಿನ ಇನ್ನೊಂದು ತುದಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಸುದ್ದಿ ಯಾವಾಗ ಬರುತ್ತೆ ಅಂತ ಕೇಳಿದರು. ಅಜ್ಜಿಯೇ ಬಾಯಿ ಹಾಕಿತು.

"ಮೋಟ್ರು ಬಂದ ಮ್ಯಾಲೆ ಬರ್ತೈತೆ ಸಾಮಿ."

ಮೋಟಾರು ಸಂಜೆಗೇ ಬಂತು. ಕೇರಿಗೆ ಇವತ್ತಿಗೂ ನೀರು ಬರ್ತಿದೆ. ಸಾಹೇಬರು ಮಾತ್ರ ಆಗಾಗ ಫೋನ್ ಮಾಡಿ, ಮನೆಯವರೆಲ್ಲ ಕಾಯ್ತಾ ಇದ್ದಾರೆ, ನನ್ನ ಸುದ್ದಿ ಇನ್ನೂ ಬಂದಿಲ್ವಲ್ಲ ಅಂತಾರೆ. ಅವರಿಂದಲೇ ಕಲಿತ ಮಾತು ಹೇಳ್ತೀನಿ.

"ಮೇಲಕ್ಕೆ ಬರೆದಿದ್ದೀವಿ ಸಾರ್, ಬರುತ್ತೆ."