ದೊಡ್ಡ ಏರು

ನಮ್ಮ ಸೋದರಮಾವ ಒಂದೇ ಒಂದು ವಿಷಯದಲ್ಲಿ ಎಂದೂ ಮನಸ್ಸು ಬದಲಾಯಿಸಿದವರಲ್ಲ. ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಬದಲಾಯಿಸಲೇಬೇಕು ಎಂಬ ವಿಷಯದಲ್ಲಿ! ಒಂದು ಸಲ ಎತ್ತು ತರುತ್ತೇನೆಂದು ಹಿರಿಯೂರಿಗೆ ಹೋದವರು ಬೈಸಿಕಲ್ಲು ತಂದರು. ಮಾರಿಕಣಿವೆ ಕಟ್ಟೆಯ ಕೆಲಸ ಬಿಟ್ಟು ಹೋಗುತ್ತಿದ್ದ ಯಾರೋ ಓವರ್‌ಸಿಯರನದಂತೆ. ಹತ್ತುವುದನ್ನು ಒಂದೇ ದಿನದಲ್ಲಿ ಕಲಿತರು, ನಿಲ್ಲಿಸುವುದನ್ನು ಕಲಿಯಲಿಲ್ಲ. ಹಾಗಾಗಿ ಬೀಳಲು ಧಾರಾಳವಾಗಿ ಜಾಗವಿದ್ದ ದೊಡ್ಡಉಳ್ಳಾರ್ತಿಯ ದನ ಮೇಯುವ ಕಾವಲಿನಲ್ಲಿ ಅಭ್ಯಾಸ ನಡೆಯಿತು. ಅವರು ಬಂದರೆ ದನಗಳು ಮರ್ಯಾದೆಯಿಂದ ದಾರಿ ಬಿಡುತ್ತಿದ್ದವು ಎನ್ನುತ್ತದೆ ನನ್ನ ನೆನಪು. ಬಾಲ ಎತ್ತಿಕೊಂಡು ಓಡಿದವು ಎನ್ನುತ್ತದೆ ನನ್ನ ಡೈರಿ. ನೆನಪಿಗೆ ಬಣ್ಣ ಹಚ್ಚುವ ಚಟವಿದೆ, ಆದ್ದರಿಂದ ನಾನು ಡೈರಿಯನ್ನೇ ನಂಬುವವನು. ಅಂದರೆ, ನಂಬುತ್ತಿದ್ದವನು.

ನನ್ನ ತಂಗಿಯ ಮದುವೆ ಗೊತ್ತಾಯಿತು. ಧಾರೆ ಸೀರೆ ಸೋದರಮಾವನದು. ಮೊಳಕಾಲ್ಮೂರಿನಿಂದ ಬಂದಿದ್ದ ನೇಯ್ಗೆಯವರೊಬ್ಬರಿಗೆ ಮಾವ ಆಗಲೇ ಹೇಳಿಬಿಟ್ಟಿದ್ದರು. ಸೀರೆ ಇನ್ನೂ ಮಗ್ಗದ ಮೇಲಿತ್ತು.

"ನಾನೇ ಹೋಗಿ ತರ್ತೀನಿ. ಒಬ್ಬನೇ. ಹೊಳೆ ಮ್ಯಾಲೆ ಹರಿಗೋಲು, ನೆಲದ ಮ್ಯಾಲೆ ಬೈಸಿಕಲ್ಲು," ಎಂದು ಮಾವ ಸಾರಿದರು.

"ಗಾಡಿ ಐತಲ್ಲೋ ತಮ್ಮಾ, ಎರಡು ದಿನದ ದಾರಿ," ಎಂದಳು ನಮ್ಮವ್ವ.

"ಗಾಡ್ಯಾಗೆ ಕುಂತು ಹೋಗಾಕೆ ನಾನೇನು ಹುರುಳಿ ಮೂಟೆಯೇನಕ್ಕಾ?"

ನಾನು ಆಗತಾನೆ ಬಿ.ಎ. ಪಾಸಾಗಿ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ, ಆ ಎರಡಕ್ಷರವೇ ಮನೆಯ ಆಸ್ತಿ. ಅವ್ವ ಅದನ್ನು ಬಾವಿಕಟ್ಟೆಯಲ್ಲಿ ದಿನಾ ಹಂಚಿ ಬರುತ್ತಿದ್ದಳು. ವಿದ್ಯಾವಂತನಾದ ಮೇಲೆ ಸುಮ್ಮನಿರಲಾಗುತ್ತದೆಯೇ? ಮಾವನ ಪ್ರಯಾಣಕ್ಕೆ ಒಂದು ಪ್ಲಾನು ಬರೆಯಲು ಕೂತೆ. ನಕ್ಷೆಯಲ್ಲಿ ವೇದಾವತಿ ಒಂದು ನೀಲಿ ಗೆರೆಯಾಗಿತ್ತು. ನೀಲಿ ಇದ್ದ ಕಡೆಯೆಲ್ಲ ನೀರಿರುತ್ತದೆ ಎಂಬುದು ನನ್ನ ವಿಶ್ವವಿದ್ಯಾಲಯದ ಜ್ಞಾನ! ಕೊನೆಯ ಭಾಗದ ದಾರಿಯನ್ನು ಮಾತ್ರ ಆ ನೇಯ್ಗೆಯವರನ್ನೇ ಕೇಳಿದೆ.

"ಹುಣಿಸೇಮರದ ಹಳ್ಳಿ ಸಿಗ್ತೈತೆ ಸ್ವಾಮಿ. ಅಲ್ಲಿಂದ ಮುಂದಕ್ಕೆ ದೊಡ್ಡ ಏರು ಐತೆ. ಜ್ವಾಕೆ," ಎಂದರು.

ಏರುದಾರಿಯಲ್ಲಿ ಹರಿಗೋಲು ಹೊತ್ತುಕೊಂಡು ಹೋಗುವ ಮೂರ್ಖ ಯಾರು? ಕೆಂಪು ಮಸಿಯಲ್ಲಿ ಬರೆದೆ: "ಮುಂದೆ ದೊಡ್ಡ ಏರು. ಹರಿಗೋಲನ್ನು ಈ ಹಳ್ಳಿಯಲ್ಲೇ ಬಿಡತಕ್ಕದ್ದು." ಕೆಳಗೆ ಎರಡು ಗೆರೆ ಎಳೆದೆ. ಒಂದು ಗೆರೆ ಬಿ.ಎ.ಗೆ ಸಾಲದು ಅನ್ನಿಸಿರಬೇಕು.

ಮದುವೆಗೆ ಹತ್ತು ದಿನ ಇರುವಾಗ ಮಾವ ಹೊರಟರು. ಮುಂದಿನದನ್ನು ನಾನು ಕಂಡಿಲ್ಲ. ಗಾಡಿಯವರು ತಂದ ಸುದ್ದಿ, ಮಾವ ಹೇಳಿದ್ದು, ಸ್ವಲ್ಪ ನಾನೇ ಸೇರಿಸಿರಬಹುದಾದದ್ದು, ಎಲ್ಲ ಕೂಡಿಸಿ ಬರೆಯುತ್ತಿದ್ದೇನೆ.

ಹರಿಗೋಲು ದುಂಡಗಿನದು. ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ನಮ್ಮ ಮಾವನಿಗೆಂದೇ ಮಾಡಿದ ವಾಹನ! ನಡುವೆ ಬೈಸಿಕಲ್ಲು ನಿಲ್ಲಿಸಿಕೊಂಡು ಕೂತರೆ ಅದು ಗಿರಗಿರ ತಿರುಗಿತಂತೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ, "ಎಲ್ಲಿಗ್ರೀ?" ಎಂದಳಂತೆ.

"ಮೊಳಕಾಲ್ಮೂರಿಗೆ ತಾಯೀ!" ಎನ್ನುವಷ್ಟರಲ್ಲಿ ಮಾವನ ಮುಖ ಹಿರಿಯೂರಿನ ಕಡೆಗಿತ್ತು.

"ನೀವು ಹೋಗೋದು ಎಲ್ಲಿಗಾದ್ರೂ ಆಗ್ಲಿ, ಒಂದು ಕಡೀಕೆ ನೋಡಿ ಮಾತಾಡ್ರಿ!"

ಎರಡನೆಯ ದಿನ ನೀಲಿ ಗೆರೆ ಮುಗಿದು ಬರೀ ಮರಳು ಸಿಕ್ಕಿತು. ಪ್ಲಾನು ಬದಲು! ಹರಿಗೋಲನ್ನು ಬೆನ್ನಿಗೆ ಕಟ್ಟಿಕೊಂಡು ಬೈಸಿಕಲ್ಲು ಹತ್ತಿದರು. ಕುರಿ ಕಾಯುತ್ತಿದ್ದವನೊಬ್ಬ ದೂರದಿಂದ ಕಂಡು, "ಲೇ, ಆಮೆ ಗಾಲಿ ಮ್ಯಾಲೆ ಬರ್ತೈತೆ!" ಎಂದು ಕೂಗಿ, ಕುರಿಗಳಿಗಿಂತ ಮುಂಚೆ ತಾನೇ ಓಡಿದನಂತೆ. ಅವನನ್ನು ಸಮಾಧಾನ ಮಾಡಲು ಮಾವ ಅಲ್ಲೇ ಉಳಿದರು. ಅವರಿಗೆ ಅವನ ಮನೆಯ ರೊಟ್ಟಿ ಹಿಡಿಸಿತು. ಮತ್ತೆ ಪ್ಲಾನು ಬದಲು! ಎರಡು ದಿನ ರೊಟ್ಟಿ.

ಹೀಗೆ ನನ್ನ ಪ್ಲಾನಿನ ಒಂದು ಸಾಲೂ ನೆಟ್ಟಗೆ ಉಳಿಯಲಿಲ್ಲ. ಐದನೆಯ ದಿನ ಹುಣಿಸೇಮರದ ಹಳ್ಳಿ ಬಂತು. ಅಲ್ಲಿ ಹರಿಗೋಲನ್ನು ಬಿಟ್ಟು ಬೈಸಿಕಲ್ಲಿನಲ್ಲಿ ಮುಂದೆ ಹೋದರು. ದಾರಿ ರೊಟ್ಟಿ ಹೆಂಚಿನ ಹಾಗೆ ಮಟ್ಟ. ಅರ್ಧ ದಿನ ತುಳಿದ ಮೇಲೆ ಎದುರಿಗೆ ಕೆಂಪಗೆ, ಎರಡು ದಡ ತುಂಬಿ, ಹೊಳೆ! ಹಿಂದಿನ ದಿನವೇ ಮೇಲೆಲ್ಲೋ ಮಳೆಯಾಗಿತ್ತು. ಆಚೆ ದಡದಲ್ಲಿ ನೇಯ್ಗೆಯವರು ಸೀರೆಯ ಗಂಟನ್ನು ತಲೆಯ ಮೇಲೆತ್ತಿ ಹಿಡಿದು, "ಹರಿಗೋಲು ಎಲ್ಲೈತೆ?" ಎಂದು ಕೂಗುತ್ತಿದ್ದರಂತೆ.

ಇತ್ತ ನಮ್ಮೂರು ಚಳ್ಳಕೆರೆಯಲ್ಲಿ ಚಪ್ಪರ ಎದ್ದಿತು, ಬೀಗರು ಬಂದರು. ಮುಹೂರ್ತದ ಹೊತ್ತಾಯಿತು, ಮಾವ ಇಲ್ಲ. ಹೆಂಗಸರು ಬೇರೊಂದು ಸೀರೆ ತೆಗೆದರು. ನನ್ನ ತಂಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು. "ಮಾವ ತರೋ ಸೀರೆನೇ ಉಡೋದು. ಮಾವನೇ ಎತ್ಕೊಂಡು ಹೋಗಬೇಕು. ಇಲ್ಲಾಂದ್ರೆ ನಾನು ಏಳಾಕಿಲ್ಲ." ಬೀಗರ ಮುಖ ಬಿಗಿಯಿತು. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಆಗ ಬೈಸಿಕಲ್ಲು ಬಂತು. ನಿಲ್ಲಿಸಲು ಬಾರದ್ದರಿಂದ ಚಪ್ಪರದ ಕಂಬಕ್ಕೆ ಗುದ್ದಿ ನಿಂತಿತು! ಮಾವನ ತಲೆಗೆ ಸೀರೆಯ ಗಂಟು ಕಟ್ಟಿತ್ತು. ಪಾದದ ತುಂಬ ಬೊಬ್ಬೆ. ಬಿಟ್ಟುಬಂದ ಹರಿಗೋಲಿಗಾಗಿ ಹಿಂದಕ್ಕೆ ಹೋಗಿ, ಕೆಸರಿನಲ್ಲಿ ಬೈಸಿಕಲ್ಲು ನಡೆಯದೆ, ಹರಿಗೋಲನ್ನು ತಲೆಯ ಮೇಲೆ ಹೊತ್ತು ನಡೆದು ಬಂದು ಹೊಳೆ ದಾಟಿದ್ದರು. ಅದೇ ಕಾಲಿನಲ್ಲಿ ತಂಗಿಯನ್ನು ಎತ್ತಿಕೊಂಡು, ಕುಂಟುತ್ತಾ, ಮಂಟಪಕ್ಕೆ ತಂದು ಕೂರಿಸಿದರು.

ಊಟದ ಪಂಕ್ತಿಯಲ್ಲಿ ಒಂದೇ ಮಾತು. "ಹೊಳೆ ಬರೋತನಕ ಹರಿಗೋಲು ಹೊತ್ತು, ಹೊಳೆ ಬರ್ತಿದ್ದಂಗೆ ಬಿಟ್ಟು ಹೋದ್ಯಲ್ಲೋ ಮಾರಾಯಾ!"

"ಏನೋಪ್ಪಾ, ಮನಸ್ಸು ಬದ್ಲಾತು," ಎಂದರು ಮಾವ, ಪಾಯಸ ಸುರಿಯುತ್ತಾ.

ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರೆಂದು ಹೇಳಬೇಕೇ? ನಕ್ಕದ್ದು ಸಾಲದೆಂದು, "ನಾನು ಎಲ್ಲಾ ಬರೆದುಕೊಟ್ಟಿದ್ದೆನಲ್ಲ ಮಾವಾ! ಆ ಕಾಗದ ಎಲ್ಲಿ?" ಎಂದು ಪಂಕ್ತಿಗೆಲ್ಲ ಕೇಳುವ ಹಾಗೆ ಕೇಳಿದೆ.

"ನೀರಿಗೆ ಬಿತ್ತಲೇ ಅಳಿಯಾ."

ಡೈರಿಯಲ್ಲಿ ಬರೆದೆ: "ಮಾವ ಮನಸ್ಸು ಬದಲಾಯಿಸಿ ಹರಿಗೋಲು ಬಿಟ್ಟರು. ಎಲ್ಲರೂ ನಕ್ಕೆವು." ವರ್ಷಗಟ್ಟಲೆ ಯಾವ ಮದುವೆಗೆ ಹೋದರೂ ಈ ಕತೆ ಹೇಳುವವನು ನಾನು, ನಗಿಸಿಕೊಳ್ಳುವವರು ಮಾವ.

ಎಷ್ಟೋ ವರ್ಷದ ಮೇಲೆ ಅದೇ ನೇಯ್ಗೆಯವರು ಸೀರೆ ತೋರಿಸಲು ಮನೆಗೆ ಬಂದರು. ಮಳೆ ಬೆಳೆ ವಿಚಾರಿಸಿದೆ.

"ಏನು ಮಳೆ ಸ್ವಾಮಿ! ನಮ್ಮ ಏರು ಒಣಗಿಹೋಗೈತೆ."

"ಏರು ಒಣಗುವುದುಂಟೇನ್ರಿ?" ಎಂದು ನಾನು ನಕ್ಕೆ.

"ನೀರಿಲ್ಲಾಂದ್ರೆ ಒಣಗದೆ ಇನ್ನೇನು? ನಮ್ಮ ತೆಲುಗಿನಾಗೆ ಏರು ಅಂದ್ರೆ ಹೊಳೆ ಅಲ್ವಾ! ನಿಮ್ಮ ಮಾವ ಅವತ್ತು ಹೊಳೆ ದಾಟಿ ಬಿಟ್ಟುಹೋದ ಹರಿಗೋಲಿನಾಗೇ ಇವತ್ತಿಗೂ ನಮ್ಮ ಜನ ದಾಟೋದು. ಈ ವರ್ಷ ಪಾಪ, ದಡದಾಗೆ ಬೋರಲು ಬಿದ್ದೈತೆ."

ನಾನು ಎದ್ದು ಮಾವನ ಮನೆಗೆ ನಡೆದೆ. ಮಾವ ಬೈಸಿಕಲ್ಲಿಗೆ ಎಣ್ಣೆ ಬಿಡುತ್ತಾ ಕೂತಿದ್ದರು. ಏರು ಎಂದರೆ ಏನೆಂದು ಈಗ ಗೊತ್ತಾಯಿತು ಎಂದೆ.

"ಮಾವಾ, ಆ ಕಾಗದ ನಿಜವಾಗಿ ನೀರಿಗೆ ಬಿತ್ತೇ?"

ಮಾವ ಕೈ ಒರೆಸಿಕೊಂಡು, ಸೀಟಿನ ಹಿಂದಿನ ತೊಗಲಿನ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟರು. ಅದರ ಮೇಲೆ ಒಂದು ಹನಿ ನೀರಿನ ಗುರುತೂ ಇರಲಿಲ್ಲ. ಎರಡು ಕೆಂಪು ಗೆರೆಗಳೂ ಬರೆದ ದಿನದ ಹಾಗೇ ಇದ್ದವು.

"ಉಳಿದಿದ್ದೆಲ್ಲಾ ಬದಲಾಯಿಸಿದ್ರಿ. ಇದೊಂದು ಸಾಲನ್ನು ಯಾಕೆ ಕೇಳಿದ್ರಿ?"

"ಎಲ್ಡು ಗೆರೆ ಎಳೆದಿದ್ಯಲ್ಲೋ," ಎಂದರು. ಮತ್ತೆ, "ಡೈರ್ಯಾಗೆ ಏನಂತ ಬರ್ದೀಯ?"

"ನಿಮ್ಮ ಮನಸ್ಸು ಬದಲಾಯಿತು ಅಂತ."

"ಹಂಗೇ ಇರ್ಲಿ ಬಿಡು. ನಿಮ್ಮವ್ವಗೆ ಗೊತ್ತಾಗೋದು ಬ್ಯಾಡ."

ಹಾಗೇ ಇರಲಿ ಎಂದು ಅವತ್ತು ಮಾತು ಕೊಟ್ಟು ಬಂದೆ. ಈಗ ನನ್ನ ಮನಸ್ಸು ಬದಲಾಗಿದೆ.